ಕಾಲರ್ ಬೋನ್‌ಗೆ ಯಾವ ಪ್ಲೇಟ್? ಹೊರೆ ಹೊರುವ ಹೆಗಲಿನ ಲೆಕ್ಕ

ಹೊಸನಗರ ಕಡೆಯ ರೈತರೊಬ್ಬರ ಮುರಿದ ಕಾಲರ್ ಬೋನ್ (ಕುತ್ತಿಗೆಯ ಬುಡದಿಂದ ಹೆಗಲ ತುದಿಗೆ ಹೋಗುವ ಮೂಳೆ) ಮೇಲಿಂದ ತೆಗೆದ ಲೋಹದ ಪ್ಲೇಟ್ ಒಂದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ತೊಳೆದು ಟ್ರೇಯಲ್ಲಿಟ್ಟಾಗ ಹತ್ತಿರದಿಂದ ನೋಡಿದೆ. ನಡುವೆ ಚೆನ್ನಾಗಿ ಬಾಗಿತ್ತು. ಎರಡು ತೂತುಗಳ ನಡುವೆ ಅಂಚಿನಲ್ಲಿ ಒಂದು ಕಚ್ಚು ಇತ್ತು. ಆ ಕಚ್ಚಿನಿಂದ ಕೂದಲೆಳೆಯಷ್ಟು ಸಣ್ಣ ಬಿರುಕು ಹೊರಟಿತ್ತು. ಮೊದಲ ಆಪರೇಷನ್ ಆದ ಏಳನೇ ವಾರಕ್ಕೇ ಅವರು ಕಳೆ ಹೊಡೆಯುವ ಮಷೀನಿನ ಬೆಲ್ಟನ್ನು ಆ ಹೆಗಲಿಗೆ ಹಾಕಿಕೊಂಡಿದ್ದರು. ಮಳೆ ಹಿಡಿದಿತ್ತು, ತೋಟದಲ್ಲಿ ಕಳೆ ಮೊಣಕಾಲಿಗೆ ಬಂದಿತ್ತು, ಆಳು ಸಿಕ್ಕಿರಲಿಲ್ಲ. ನೋವೂ ಇರಲಿಲ್ಲ. "ಒಳಗೆ ಕಬ್ಬಿಣ ಇದೆಯಲ್ಲ, ಇನ್ನೇನು ಅಂದುಕೊಂಡೆ" ಎಂದರು.

ನಾನು ಶಿವಮೊಗ್ಗದ ಒಂದು ಆಸ್ಪತ್ರೆಯ ಆಪರೇಷನ್ ಥಿಯೇಟರ್‌ನಲ್ಲಿ ಟೆಕ್ನಿಷಿಯನ್. ಡಾಕ್ಟರ್ ಅಲ್ಲ. ಆದರೆ ಪ್ಲೇಟು, ಸ್ಕ್ರೂ, ಡ್ರಿಲ್ ಬಿಟ್ಟುಗಳನ್ನು ತೊಳೆದು, ಜೋಡಿಸಿ, ಕೈಗೆ ಕೊಡುವ ಕೆಲಸ ನನ್ನದು. ತೀರ್ಥಹಳ್ಳಿ, ಸಾಗರ, ಸೊರಬದಿಂದ ಬಂದವರು ಆಪರೇಷನ್‌ಗೆ ಮುಂಚೆ ಬಾಗಿಲ ಹತ್ತಿರ ನನ್ನನ್ನೇ ಹಿಡಿದು ಕೇಳುವುದುಂಟು: "ಯಾವ ಪ್ಲೇಟ್ ಒಳ್ಳೇದು? ಜಾಸ್ತಿ ದುಡ್ಡಿಂದು ಹಾಕಿಸಲಾ?" ಕಾರಿಡಾರ್‌ನಲ್ಲಿ ನಿಂತು ಎರಡು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಅದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು ಮನಸ್ಸಿನಲ್ಲಿ ಇರಲಿ. ಪ್ಲೇಟ್ ಮೂಳೆಯನ್ನು ಕೂಡಿಸುವುದಿಲ್ಲ. ಮೂಳೆ ತಾನೇ ಕೂಡಿಕೊಳ್ಳುತ್ತದೆ. ಅಲ್ಲಿಯವರೆಗೆ ತುಂಡುಗಳು ಅಲ್ಲಾಡದ ಹಾಗೆ ಹಿಡಿದುಕೊಳ್ಳುವುದಷ್ಟೇ ಪ್ಲೇಟಿನ ಕೆಲಸ. ಬೇಲಿಯ ತಂತಿಯನ್ನು ಒಂದೇ ಜಾಗದಲ್ಲಿ ಹಿಂದೆ ಮುಂದೆ ಬಗ್ಗಿಸುತ್ತಾ ಹೋದರೆ ಕೊನೆಗೆ ತುಂಡಾಗುತ್ತದೆ ಅಲ್ವಾ? ಕೂಡದ ಮೂಳೆಯ ಮೇಲಿನ ಪ್ಲೇಟೂ ಕೈ ಆಡಿದಾಗಲೆಲ್ಲ ಒಂದು ಚೂರು ಬಾಗುತ್ತದೆ, ಮತ್ತೆ ನೆಟ್ಟಗಾಗುತ್ತದೆ. ಪ್ಲೇಟ್ ಸುಸ್ತಾಗುವ ಮುಂಚೆ ಮೂಳೆ ಕೂಡಬೇಕು. ಎಷ್ಟೇ ದುಬಾರಿಯ ಪ್ಲೇಟಾದರೂ ಈ ಓಟದಿಂದ ತಪ್ಪಿಸಿಕೊಳ್ಳುವ ಹಾಗಿಲ್ಲ.

ಕುತ್ತಿಗೆಯ ಕೆಳಗಿನ ಗುಳಿಯ ಪಕ್ಕದಿಂದ ಹೆಗಲ ತುದಿಯವರೆಗೆ ಬೆರಳು ಸವರಿ ನೋಡಿ. ಕಾಲರ್ ಬೋನ್ ಮೊದಲು ಮುಂದಕ್ಕೆ ಉಬ್ಬಿ, ಆಮೇಲೆ ಹಿಂದಕ್ಕೆ ಬಳುಕುತ್ತದೆ. ಮೇಲಿನಿಂದ ನೋಡಿದರೆ ಹಾವು ಹರಿದ ಹಾಗೆ. ತೋಳನ್ನು ಎದೆಗೂಡಿಗೆ ಸೇರಿಸುವ ಮೂಳೆಯ ಕೊಂಡಿ ಇದೊಂದೇ. ತಾಯಿಯ ಹೊಟ್ಟೆಯಲ್ಲಿ ಮೊದಲು ಮೂಳೆಯಾಗಲು ಶುರುವಾಗುವುದೂ ಇದೇ, ಇದರ ಒಳತುದಿ ಪೂರ್ತಿ ಬೆಸೆದುಕೊಳ್ಳುವುದು 22–25 ವರ್ಷಕ್ಕೆ. ಎರಡು ಬಳುಕು ಸೇರುವ ನಡುಭಾಗ ತೆಳ್ಳಗೆ, ಅಲ್ಲಿ ಮಾಂಸದ ಹೊದಿಕೆಯೂ ಕಡಿಮೆ. ಅದಕ್ಕೇ ಮುರಿಯುವುದರಲ್ಲಿ ಹೆಚ್ಚುಕಡಿಮೆ 80 ಭಾಗ ನಡುವಿನಲ್ಲೇ. ಆಗುಂಬೆ ಘಾಟಿಯ ತಿರುವಿನಲ್ಲಿ ಬೈಕ್ ಜಾರಿದರೂ, ಪಾಚಿ ಕಟ್ಟಿದ ಅಂಗಳದಲ್ಲಿ ಕಾಲು ಜಾರಿದರೂ ಹೆಗಲು ನೆಲಕ್ಕೆ ಬಡಿಯುತ್ತದೆ. ಈ ಮೂಳೆ ಮುರಿಯುವುದು ಜಾಸ್ತಿ ಹೀಗೆಯೇ.

ಮುರಿದ ಮೇಲೆ ತುಂಡುಗಳು ಇದ್ದಲ್ಲೇ ಇರುವುದಿಲ್ಲ. ಕುತ್ತಿಗೆಯ ಸ್ನಾಯು ಒಳಗಿನ ತುಂಡನ್ನು ಮೇಲಕ್ಕೆ ಎಳೆಯುತ್ತದೆ. ತೋಳಿನ ಭಾರ ಹೊರಗಿನ ತುಂಡನ್ನು ಕೆಳಕ್ಕೆ ಜಗ್ಗುತ್ತದೆ. ಎದೆಯ ಸ್ನಾಯು ಅದನ್ನೇ ಒಳಕ್ಕೆ ಎಳೆಯುತ್ತದೆ. ಹಾಗಾಗಿ ಒಂದು ತುದಿ ಚರ್ಮದಡಿ ಗೂಟದ ಹಾಗೆ ಎದ್ದು ನಿಲ್ಲುತ್ತದೆ, ಹೆಗಲು ಗಿಡ್ಡವಾಗುತ್ತದೆ.

ಹಾಗಂತ ಎಲ್ಲರಿಗೂ ಆಪರೇಷನ್ ಬೇಕಿಲ್ಲ. ಇದನ್ನು ಒತ್ತಿ ಹೇಳುತ್ತೇನೆ. ತುಂಡುಗಳು ಹೆಚ್ಚು ಜರುಗದಿದ್ದರೆ ಜೋಳಿಗೆ ಪಟ್ಟಿಯಲ್ಲಿ ಕೈ ಇಟ್ಟುಕೊಂಡೇ ವಾಸಿಯಾಗುವವರು ಬಹಳ ಮಂದಿ. ಮಕ್ಕಳಿಗಂತೂ ಆಪರೇಷನ್ ಬೇಕಾಗುವುದು ತೀರಾ ಅಪರೂಪ. ನೀರ್ ಎಂಬ ಅಮೆರಿಕದ ವೈದ್ಯರು 1960ರಲ್ಲಿ ಕೊಟ್ಟ ಲೆಕ್ಕದಲ್ಲಿ, ಆಪರೇಷನ್ ಇಲ್ಲದೆ ನೋಡಿಕೊಂಡ 2,235 ಮಂದಿಯಲ್ಲಿ ಮೂಳೆ ಕೂಡದೆ ಉಳಿದದ್ದು 3 ಮಂದಿಗೆ ಮಾತ್ರ. ಅದನ್ನು ನಂಬಿ ಹಲವು ದಶಕ ಈ ಮೂಳೆಗೆ ಕತ್ತಿ ಹಾಕುತ್ತಿದ್ದದ್ದು ಅಪರೂಪ. ಆಮೇಲೆ ಪೂರ್ತಿ ಜರುಗಿದ ಮುರಿತಗಳನ್ನೇ ಬೇರೆ ಮಾಡಿ ನೋಡಿದಾಗ ಚಿತ್ರ ಬದಲಾಯಿತು. ಕೆನಡಾದ ವೈದ್ಯರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೊನೆಯವರೆಗೆ ಸಿಕ್ಕ 111 ಜನರ ಪೈಕಿ ಪ್ಲೇಟ್ ಹಾಕಿಸಿಕೊಂಡ 62 ಮಂದಿಯಲ್ಲಿ ಇಬ್ಬರಿಗೆ, ಹಾಕಿಸಿಕೊಳ್ಳದ 49 ಮಂದಿಯಲ್ಲಿ ಏಳು ಮಂದಿಗೆ ಮೂಳೆ ಕೂಡಲಿಲ್ಲ. ಕೂಡಲು ಹಿಡಿದ ಸರಾಸರಿ ಸಮಯ ಪ್ಲೇಟ್ ಇದ್ದವರಿಗೆ 16 ವಾರ, ಇಲ್ಲದವರಿಗೆ 28 ವಾರ. ಎಡಿನ್‌ಬರೋ ವೈದ್ಯರು ಮುಂದೆ ನಿಂತು ನಡೆಸಿದ 200 ಜನರ ಅಧ್ಯಯನ 2013ರಲ್ಲಿ ಬಂತು. ಅಲ್ಲೂ ಪ್ಲೇಟ್ ಹಾಕಿದವರಲ್ಲಿ ಮೂಳೆ ಕೂಡದೆ ಉಳಿದದ್ದು ತುಂಬ ಕಡಿಮೆ. ಆದರೆ ಆಪರೇಷನ್ ಇಲ್ಲದೆ ಮೂಳೆ ಕೂಡಿದವರ ಕೈಯೂ ಪ್ಲೇಟ್ ಹಾಕಿಸಿಕೊಂಡವರ ಕೈಯಷ್ಟೇ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಮೂಳೆ ಸುಮಾರು 2 ಸೆಂಟಿಮೀಟರ್ ಗಿಡ್ಡವಾಗಿದ್ದರೆ, ತುಂಡುಗಳು ಒಂದಕ್ಕೊಂದು ತಾಗದಿದ್ದರೆ, ಪುಡಿಪುಡಿಯಾಗಿದ್ದರೆ ಆಪರೇಷನ್ ಮಾತು ಬರುತ್ತದೆ. ಚರ್ಮ ಹರಿದಿದ್ದರೆ, ರಕ್ತನಾಳಕ್ಕೋ ನರಕ್ಕೋ ಪೆಟ್ಟಾಗಿದ್ದರೆ ಯೋಚಿಸುತ್ತಾ ಕೂರುವ ಹಾಗೇ ಇಲ್ಲ.

ಈಗ ಟ್ರೇ ತೆರೆಯೋಣ.

ನಾನು ಮೊದಲು ಹೇಳಿದ ಬಾಗಿದ ಪ್ಲೇಟ್ ಇದೆಯಲ್ಲ, ಅದಕ್ಕೆ ರೀಕನ್‌ಸ್ಟ್ರಕ್ಷನ್ ಪ್ಲೇಟ್ ಎನ್ನುತ್ತಾರೆ. ಥಿಯೇಟರ್‌ನಲ್ಲಿ ನಾವು ರೀಕಾನ್ ಅಂತಲೇ ಕರೆಯುವುದು. ಇದರ ಗುರುತು ಅಂಚಿನ ಕಚ್ಚುಗಳು. ಪ್ರತಿ ಎರಡು ತೂತಿನ ನಡುವೆ ಎರಡೂ ಕಡೆ ಕಚ್ಚು ತೆಗೆದಿರುತ್ತಾರೆ. ಕಚ್ಚು ಇರುವುದರಿಂದ ಅದನ್ನು ಮೇಲೆ ಕೆಳಗೆ ಮಾತ್ರ ಅಲ್ಲ, ಪಕ್ಕಕ್ಕೂ ಬಗ್ಗಿಸಬಹುದು. ಡಾಕ್ಟರ್ ಮೊದಲು ತೆಳು ಲೋಹದ ಅಚ್ಚುಪಟ್ಟಿಯನ್ನು ಮೂಳೆಯ ಮೇಲೆ ಒತ್ತಿ ಬಳುಕನ್ನು ಅಚ್ಚೆತ್ತುತ್ತಾರೆ. ಆಮೇಲೆ ಎರಡು ಬೆಂಡರ್ ಹಿಡಿದು ಪ್ಲೇಟನ್ನು ಚೂರುಚೂರೇ ಬಗ್ಗಿಸುತ್ತಾರೆ, ಅಚ್ಚಿನ ಪಕ್ಕ ಇಟ್ಟು ನೋಡುತ್ತಾರೆ, ಮತ್ತೆ ಬಗ್ಗಿಸುತ್ತಾರೆ. ಒಳ್ಳೆಯ ಕೈಯಾದರೆ ಮೂಳೆಗೆ ಅಂಟಿಸಿದ ಹಾಗೆ ಕೂರುತ್ತದೆ. ಬೆಲೆಯೂ ಕಡಿಮೆ. ಆದರೆ ಬಗ್ಗಿಸಲು ಸುಲಭವಾದದ್ದು ಬಾಗಲೂ ಸುಲಭ. ಅಡಿಕೆ ದಬ್ಬೆಗೆ ಕತ್ತಿಯಿಂದ ಅಲ್ಲಲ್ಲಿ ಕಚ್ಚು ಹಾಕಿದರೆ ಎಲ್ಲಿ ಮುರಿಯುತ್ತದೆ ಎಂದು ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮೂಳೆ ನೀಟಾಗಿ ಎರಡೇ ತುಂಡಾಗಿದ್ದು, ತುಂಡುಗಳು ಒಂದಕ್ಕೊಂದು ಒತ್ತಿ ಕೂತಿದ್ದರೆ ಭಾರವನ್ನು ಮೂಳೆಯೂ ಹಂಚಿಕೊಳ್ಳುತ್ತದೆ, ರೀಕಾನ್ ಸಾಕಾಗಬಹುದು. ಪುಡಿಯಾದ ಮೂಳೆ, ದಪ್ಪ ಮೈ, ಹೊರೆ ಹೊರುವ ಕೆಲಸ ಇದ್ದವರಿಗೆ ಇದು ದುರ್ಬಲ. ನನ್ನ ಅಭಿಪ್ರಾಯ ಕೇಳಿದರೆ, ತೋಟ ಗದ್ದೆ ಕೆಲಸದವರಿಗೆ ಇದನ್ನು ಬರೀ ಬೆಲೆ ನೋಡಿ ಆರಿಸಬಾರದು.

ಡಿಸಿಪಿ (ಡೈನಾಮಿಕ್ ಕಂಪ್ರೆಷನ್ ಪ್ಲೇಟ್) ಎಂಬುದು ಗಟ್ಟಿ ನೇರ ಪ್ಲೇಟ್. ಅದರ ತೂತುಗಳು ದುಂಡಗಿಲ್ಲ, ಉದ್ದುದ್ದ, ಒಳಗೆ ಇಳಿಜಾರು. ಸ್ಕ್ರೂ ಬಿಗಿಯಾಗುತ್ತಾ ಹೋದಂತೆ ಅದರ ತಲೆ ಇಳಿಜಾರಿನಲ್ಲಿ ಜಾರಿ, ಮುರಿದ ತುದಿಗಳನ್ನು ಒಂದಕ್ಕೊಂದು ಒತ್ತುತ್ತದೆ. ಅಷ್ಟು ಬಿಗಿ ಒತ್ತಿದ ಮೂಳೆ ದೊಡ್ಡ ಗಂಟು ಕಟ್ಟದೆ ನೇರವಾಗಿ ಬೆಸೆಯುತ್ತದೆ. ಇದರ ತಮ್ಮ ಎಲ್‌ಸಿ-ಡಿಸಿಪಿ, ಮೂಳೆಗೆ ಕಡಿಮೆ ತಾಗುವ ಡಿಸಿಪಿ. ಇದರ ಅಡಿಯಲ್ಲಿ ತೋಡು ತೆಗೆದಿರುತ್ತಾರೆ, ಮೂಳೆಯ ಹೊರಪದರದ ರಕ್ತಸಂಚಾರ ಕೆಡದಿರಲಿ ಎಂದು. ಎರಡೂ ಗಟ್ಟಿ. ತೊಂದರೆ ಏನೆಂದರೆ ನೇರ ಪ್ಲೇಟನ್ನು ಬಳುಕಿದ ಮೂಳೆಗೆ ಕೂರಿಸುವುದು ಕಷ್ಟ. ಬಲವಂತವಾಗಿ ತಿರುಚಿದರೂ ತುದಿಗಳು ಮೂಳೆಯಿಂದ ಆಚೆ ಚಾಚಿಕೊಳ್ಳುತ್ತವೆ, ಚರ್ಮದಡಿ ಎದ್ದು ಕಾಣುತ್ತವೆ.

ಲಾಕಿಂಗ್ ಪ್ಲೇಟ್ ಹೆಸರನ್ನು ಈಗ ಎಲ್ಲರೂ ಕೇಳಿರುತ್ತೀರಿ. ಮಾಮೂಲಿ ಸ್ಕ್ರೂ ಪ್ಲೇಟನ್ನು ಮೂಳೆಗೆ ಒತ್ತಿ ಹಿಡಿಯುತ್ತದೆ, ಆ ತಿಕ್ಕಾಟದ ಬಲದ ಮೇಲೆ ಎಲ್ಲ ನಿಂತಿರುತ್ತದೆ. ಲಾಕಿಂಗ್ ಸ್ಕ್ರೂವಿನ ತಲೆಗೂ ಮರೆ (ಥ್ರೆಡ್, ಅಂದರೆ ತಿರುಪಿನ ಸುತ್ತು) ಇರುತ್ತದೆ, ತೂತಿನ ಒಳಗೂ ಮರೆ ಇರುತ್ತದೆ. ಬಾಟಲಿಗೆ ಮುಚ್ಚಳ ತಿರುಗಿಸಿದ ಹಾಗೆ ಸ್ಕ್ರೂ ಪ್ಲೇಟಿಗೇ ಕಚ್ಚಿಕೊಂಡು ಎರಡೂ ಒಂದೇ ಚೌಕಟ್ಟಾಗುತ್ತವೆ. ವಯಸ್ಸಾದವರ ಟೊಳ್ಳು ಮೂಳೆಯಲ್ಲಿ, ಪುಡಿಯಾದ ಮೂಳೆಯಲ್ಲಿ ಇದರ ಉಪಯೋಗ ದೊಡ್ಡದು. ಹಳ್ಳದ ಈ ದಡ ಆ ದಡಕ್ಕೆ ಕಾಲುಸಂಕ ಹಾಕುತ್ತೇವಲ್ಲ, ಹಾಗೆ ಪುಡಿಯಾದ ಜಾಗವನ್ನು ಮುಟ್ಟದೆ ದಾಟಿಸಿ, ಎರಡೂ ಕಡೆಯ ಗಟ್ಟಿ ಮೂಳೆಗೆ ಮೂರು ಮೂರು ಸ್ಕ್ರೂ ಹಿಡಿಸಬಹುದು. ಆದರೆ ಇಪ್ಪತ್ತೈದರ ಹುಡುಗನ ಗಟ್ಟಿ ಮೂಳೆ ನೀಟಾಗಿ ಎರಡು ತುಂಡಾಗಿದ್ದರೆ ಲಾಕಿಂಗ್ ಇಲ್ಲದಿದ್ದರೂ ನಡೆಯುತ್ತದೆ. ದುಬಾರಿಯದು ಎಂದಮಾತ್ರಕ್ಕೆ ಅವನ ಮೂಳೆ ಬೇಗ ಕೂಡುವುದಿಲ್ಲ.

ಈಗ ಜಾಸ್ತಿ ಬಳಸುವುದು ಕಂಪನಿಯಲ್ಲೇ ಬಳುಕು ಕೊಟ್ಟು ತಯಾರಿಸಿದ ಅನಾಟಮಿಕಲ್ ಪ್ಲೇಟ್. ಎಡಕ್ಕೆ ಬೇರೆ, ಬಲಕ್ಕೆ ಬೇರೆ. ಕಚ್ಚು ಇಲ್ಲದ್ದರಿಂದ ರೀಕಾನ್‌ಗಿಂತ ಗಟ್ಟಿ, ಅಂಚು ನುಣುಪು, ಚರ್ಮಕ್ಕೆ ಚುಚ್ಚುವುದು ಕಡಿಮೆ. ಥಿಯೇಟರ್‌ನಲ್ಲಿ ಬಗ್ಗಿಸುವ ಸಮಯವೂ ಉಳಿಯುತ್ತದೆ. ಆದರೂ ಮನುಷ್ಯರ ಮೂಳೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದದ್ದಲ್ಲ. ಸಣ್ಣ ಮೈಕಟ್ಟಿನ ಹೆಂಗಸರಲ್ಲಿ ಪ್ಲೇಟಿನ ಬಳುಕು ಮೂಳೆಯ ಬಳುಕಿಗೆ ಹೊಂದದೆ, ಬೇರೆ ಬೇರೆ ಅಳತೆಯ ಮೂರು ಪ್ಲೇಟ್ ಇಟ್ಟು ನೋಡಿದ್ದನ್ನು ನಾನೇ ಕಂಡಿದ್ದೇನೆ. ಲಾಕಿಂಗ್ ತೂತು ಇರುವ ಕಡೆ ಬಗ್ಗಿಸಿದರೆ ಮರೆ ಕೆಡುತ್ತದೆ, ಸ್ಕ್ರೂ ಕಚ್ಚಿಕೊಳ್ಳುವುದಿಲ್ಲ.

ನನ್ನ ಮಟ್ಟಿಗೆ ಮಲೆನಾಡಿನವರು ಕೇಳಲೇಬೇಕಾದ ಪ್ರಶ್ನೆ ಮುಂದಿನದು. ಅದನ್ನು ಹೆಚ್ಚು ಜನ ಕೇಳುವುದೇ ಇಲ್ಲ. ಯಾವ ಪ್ಲೇಟ್ ಎನ್ನುವುದರ ಜೊತೆಗೆ, ಮೂಳೆಯ ಯಾವ ಮುಖಕ್ಕೆ?

ಪ್ಲೇಟನ್ನು ಮೂಳೆಯ ಮೇಲ್ಭಾಗದಲ್ಲಿ ಕೂರಿಸಬಹುದು, ಇಲ್ಲವೇ ಮುಂಭಾಗದಲ್ಲಿ ಸ್ವಲ್ಪ ಕೆಳಮುಖವಾಗಿ ಕೂರಿಸಬಹುದು. ಹಲಸಿನ ಕೊಂಬೆಗೆ ಮಕ್ಕಳು ಜೋತುಬಿದ್ದಾಗ ಬಿರುಕು ಮೊದಲು ಬಿಡುವುದು ಕೊಂಬೆಯ ಮೇಲ್ಭಾಗದಲ್ಲಿ. ತೋಳು ಜೋತಾಡುವ ಈ ಮೂಳೆಯದೂ ಅದೇ ಕಥೆ. ಹಾಗಾಗಿ ಮೇಲೆ ಹಾಕಿದ ಪ್ಲೇಟ್ ಬಿರುಕು ಬಾಯಿ ಬಿಡದಂತೆ ಎಳೆದು ಹಿಡಿಯುತ್ತದೆ. ತೋಳಿನ ಭಾರ ತಡೆಯಲು ಅದು ಒಳ್ಳೆಯ ಜಾಗ. ಮೂಳೆ ಚರ್ಮದ ಕೆಳಗೇ ಇರುವುದರಿಂದ ಅಲ್ಲಿಗೆ ತಲುಪುವುದೂ ಸುಲಭ.

ಅಪಾಯ ಇರುವುದು ಡ್ರಿಲ್ ಇಳಿಯುವ ದಿಕ್ಕಿನಲ್ಲಿ. ಮೇಲಿನಿಂದ ತೂತು ಕೊರೆದರೆ ಡ್ರಿಲ್ ಬಿಟ್ ನೇರ ಕೆಳಗೆ ಹೋಗುತ್ತದೆ. ಮೂಳೆಯ ಹಿಂದೆ, ಕೆಳಗೆ ತೋಳಿನ ದೊಡ್ಡ ರಕ್ತನಾಳಗಳು, ನರಗಳ ಗೊಂಚಲು, ಅದರ ಕೆಳಗೆ ಶ್ವಾಸಕೋಶದ ತುದಿ. ಕೆಲವು ಕಡೆ ನಡುವಿನ ಅಂತರ ಕೆಲವೇ ಮಿಲಿಮೀಟರ್. ಆ ಹೊತ್ತಿನಲ್ಲಿ ಥಿಯೇಟರ್‌ನಲ್ಲಿ ಯಾರೂ ಮಾತಾಡುವುದಿಲ್ಲ. ಮೂಳೆಯ ಅಡಿಗೆ ಒಂದು ಲೋಹದ ಪಟ್ಟಿ ತೂರಿಸಿ ಹಿಡಿದಿರುತ್ತಾರೆ. ಡ್ರಿಲ್ ಬಿಟ್ ಮೂಳೆಯ ಆಚೆಯ ಗೋಡೆ ದಾಟುವ ಕ್ಷಣ ಡ್ರಿಲ್‌ನ ಸದ್ದು ಬದಲಾಗುತ್ತದೆ. ಆ ಸದ್ದಿಗೆ ಕಿವಿಗೊಟ್ಟೇ ಡಾಕ್ಟರ್ ಕೈ ನಿಲ್ಲಿಸುತ್ತಾರೆ. ಅಂಥ ಗಾಯ ಆಗುವುದು ಅಪರೂಪ. ಅಪರೂಪವಾಗಿರುವುದು ಈ ಎಚ್ಚರದಿಂದಲೇ.

ಮುಂಭಾಗದಲ್ಲಿ ಹಾಕಿದರೆ ಡ್ರಿಲ್ ಮೇಲಕ್ಕೆ, ಹಿಂದಕ್ಕೆ ಹೋಗುತ್ತದೆ, ನಾಳಗಳಿಂದ ಸ್ವಲ್ಪ ದೂರ. ಆ ದಿಕ್ಕಿನಲ್ಲಿ ಮೂಳೆ ಅಗಲ ಇರುವುದರಿಂದ ಉದ್ದದ ಸ್ಕ್ರೂ ಹಿಡಿಯುತ್ತದೆ. ಆದರೆ ಎದೆಯ ಮತ್ತು ಭುಜದ ಸ್ನಾಯುವನ್ನು ಅಲ್ಲಿ ಸ್ವಲ್ಪ ಬಿಡಿಸಬೇಕು. ಲಾಭ ಏನೆಂದರೆ ಪ್ಲೇಟಿನ ಮೇಲೆ ಸ್ನಾಯುವಿನ ಹೊದಿಕೆ ಬರುತ್ತದೆ, ಬೆಲ್ಟು ಬೀಳುವ ಜಾಗದಲ್ಲಿ ಲೋಹ ಇರುವುದಿಲ್ಲ. ನಮ್ಮ ಕಡೆ ಹೆಗಲು ಅಂದರೆ ಕಳೆ ಮಷೀನಿನ ಬೆಲ್ಟು, ಔಷಧಿ ಕ್ಯಾನಿನ ಪಟ್ಟಿ, ಅಡಿಕೆ ಕೊನೆ ಹೊರುವ ಅಡ್ಡೆ. ಮೇಲೆ ಪ್ಲೇಟ್ ಇದ್ದರೆ ಇವೆಲ್ಲ ನೇರ ಲೋಹದ ಮೇಲೆ ಕೂರುತ್ತವೆ, ನಡುವೆ ಇರುವುದು ಬರೀ ಚರ್ಮ. ಮೂಳೆ ಚೆನ್ನಾಗಿ ಕೂಡಿದ್ದರೂ "ಒತ್ತುತ್ತೆ, ತೆಗೆದುಬಿಡಿ" ಎಂದು ಬರುವವರ ಕಷ್ಟ ಹೆಚ್ಚಾಗಿ ಇದೇ. ಮುಂಭಾಗದ ಪ್ಲೇಟಿಗೆ ಈ ದೂರು ಕಡಿಮೆ ಎಂದು ಹಲವು ಅಧ್ಯಯನ ಹೇಳುತ್ತವೆ, ದೊಡ್ಡ ವ್ಯತ್ಯಾಸ ಕಾಣದ ಅಧ್ಯಯನಗಳೂ ಇವೆ. ಎರಡು ಕಡೆಯಲ್ಲೂ ಮೂಳೆ ಕೂಡುವುದರಲ್ಲಿ ಹೇಳಿಕೊಳ್ಳುವಂಥ ಫರಕಿಲ್ಲ. ಹಾಗಾದರೆ ಹೆಗಲ ಮೇಲೆ ಏನು ಹೊರುತ್ತೀರಿ ಎಂಬುದನ್ನು ಡಾಕ್ಟರಿಗೆ ಮೊದಲೇ ಹೇಳಿದರೆ ಒಳ್ಳೆಯದಲ್ಲವೇ? ಮುರಿತದ ಆಕಾರ ನೋಡಿ ಅವರು ಮೇಲೆಯೇ ಬೇಕು ಎಂದರೆ ಅದಕ್ಕೆ ಕಾರಣ ಇರುತ್ತದೆ. ಕೇಳಿದರೆ ಹೇಳುತ್ತಾರೆ.

ಇತ್ತೀಚಿನ ಇನ್ನೊಂದು ದಾರಿ ಎರಡು ತೆಳು ಪ್ಲೇಟ್. ದಪ್ಪದ್ದೊಂದರ ಬದಲು ಮೇಲೊಂದು, ಮುಂದೊಂದು. ಮಾಮೂಲಿ ಪ್ಲೇಟಿಗೆ 3.5 ಮಿಲಿಮೀಟರ್ ಸ್ಕ್ರೂ ಆದರೆ ಇವಕ್ಕೆ 2.7 ಅಥವಾ 2.4, ಕೆಲವೊಮ್ಮೆ 2.0. ರಟ್ಟಿನ ಹಾಳೆ ಸುಲಭವಾಗಿ ಬಾಗುತ್ತದೆ, ಅದೇ ಹಾಳೆಯನ್ನು ಮೂಲೆಯಾಗಿ ಮಡಚಿದರೆ ನೆಟ್ಟಗೆ ನಿಲ್ಲುತ್ತದೆ. ಎರಡು ಮುಖದಲ್ಲಿ ಹಿಡಿದ ತೆಳು ಪ್ಲೇಟುಗಳ ಬಲವೂ ಹಾಗೇ. ಚರ್ಮದಡಿ ಎದ್ದು ಕಾಣುವುದು ಕಡಿಮೆ, ಒತ್ತುತ್ತದೆ ಎಂದು ತೆಗೆಸುವವರೂ ಕಡಿಮೆ. ಖರ್ಚು ಮಾತ್ರ ಜಾಸ್ತಿ.

ಈ ಮೂಳೆಯ ಹೆಗಲ ಕಡೆಯ ತುದಿ ಮುರಿದರೆ ಮಾತು ಪೂರ್ತಿ ಬೇರೆ. ಅಲ್ಲಿ ಉಳಿದ ತುಂಡು ಎಷ್ಟೋ ಸಲ ಸಣ್ಣದು, ಮಾಮೂಲಿ ಸ್ಕ್ರೂ ಹಿಡಿಯಲು ಜಾಗವೇ ಇರುವುದಿಲ್ಲ. ಒಂದೋ ತುದಿಯಲ್ಲಿ ಸಣ್ಣ ಲಾಕಿಂಗ್ ಸ್ಕ್ರೂಗಳ ಗುಂಪು ಇರುವ ಅಗಲ ಪ್ಲೇಟ್, ಇಲ್ಲದಿದ್ದರೆ ಹುಕ್ ಪ್ಲೇಟ್. ಹುಕ್ ಪ್ಲೇಟಿನ ತುದಿ ದೋಟಿಯ ಕೊಕ್ಕೆಯ ಹಾಗೆ ಇರುತ್ತದೆ. ಆ ಕೊಕ್ಕೆ ಭುಜದ ತುದಿಯ ಮೂಳೆಯ ಅಡಿಗೆ ಸಿಕ್ಕಿಕೊಂಡು ಎದ್ದ ತುಂಡನ್ನು ಕೆಳಗೆ ಅದುಮಿ ಹಿಡಿಯುತ್ತದೆ. ಗಟ್ಟಿ ಹಿಡಿತ, ಆದರೆ ಒಳಗೇ ಬಿಡುವ ಪ್ಲೇಟ್ ಅಲ್ಲ. ಕೈ ಎತ್ತಿದಾಗಲೆಲ್ಲ ಕೊಕ್ಕೆ ಮೇಲಿನ ಮೂಳೆಯನ್ನು ಉಜ್ಜುತ್ತದೆ, ಕ್ರಮೇಣ ಸವೆಸುತ್ತದೆ. ಮೂಳೆ ಕೂಡಿದ ಮೇಲೆ, ಸಾಮಾನ್ಯವಾಗಿ ಮೂರರಿಂದ ಆರು ತಿಂಗಳೊಳಗೆ, ತೆಗೆಸಲೇಬೇಕು. ಅಂದರೆ ಎರಡು ಆಪರೇಷನ್ನಿನ ಖರ್ಚು, ಎರಡು ಸಲ ಕೆಲಸಕ್ಕೆ ರಜೆ. ಅದು ಒಳಗಿರುವಾಗ ಕೈಯನ್ನು ಭುಜದಿಂದ ಮೇಲೆ ಎತ್ತಬೇಡಿ ಎನ್ನುತ್ತಾರೆ. ಮರ ಹತ್ತುವ ಕೊನೆಗೌಡರಿಗೆ, ನೆಲದಲ್ಲಿ ನಿಂತು ದೋಟಿ ಎತ್ತುವವರಿಗೆ ಅಷ್ಟು ದಿನ ಸಂಪಾದನೆಯೇ ಇಲ್ಲ. ಈ ಮಾತು ಆಪರೇಷನ್‌ಗೆ ಮುಂಚೆಯೇ ಮನೆಯವರಿಗೆ ಗೊತ್ತಿರಬೇಕು.

ಸ್ಟೀಲಾ, ಟೈಟಾನಿಯಮ್ಮಾ? ಸ್ಟೀಲ್ ಹೆಚ್ಚುಕಡಿಮೆ ಎರಡು ಪಟ್ಟು ಬಿರುಸು, ಬೆಲೆ ಕಡಿಮೆ. ಟೈಟಾನಿಯಂ ಸ್ವಲ್ಪ ಬಳುಕುತ್ತದೆ, ಹಗುರ, ಎಂಆರ್‌ಐ ಚಿತ್ರವನ್ನು ಕಡಿಮೆ ಕೆಡಿಸುತ್ತದೆ. ಆದರೆ ಟೈಟಾನಿಯಂ ಲಾಕಿಂಗ್ ಸ್ಕ್ರೂಗಳು ವರ್ಷಗಳ ಮೇಲೆ ಪ್ಲೇಟಿಗೆ ಜಾಮ್ ಆಗಿ, ತೆಗೆಯುವಾಗ ಬೆವರಿಳಿಸುತ್ತವೆ. ಸ್ಟೀಲಿನಲ್ಲಿ ನಿಕಲ್ ಇರುತ್ತದೆ. ಇಮಿಟೇಶನ್ ಸರ, ವಾಚಿನ ಬೆಲ್ಟು ಹಾಕಿದರೆ ಮೈ ಕೆರೆಯುವವರು ಅದನ್ನು ಡಾಕ್ಟರಿಗೆ ತಿಳಿಸಿ. ಇಷ್ಟು ಬಿಟ್ಟರೆ ಎರಡೂ ಕೆಲಸ ಮಾಡುತ್ತವೆ. ಟೈಟಾನಿಯಂ ಹಾಕಿಸಲಾಗಲಿಲ್ಲ ಎಂದು ಯಾರೂ ಕೊರಗಬೇಕಿಲ್ಲ.

ದುಡ್ಡಿನ ವಿಷಯದಲ್ಲಿ ಒಂದು ಮಾತು. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವಿದೆ. ಸಾಲ ಮಾಡುವ ಮುಂಚೆ ಆಸ್ಪತ್ರೆಯ ಯೋಜನೆ ಕೌಂಟರ್‌ನಲ್ಲಿ ನಿಮ್ಮ ಆಪರೇಷನ್ ಅದರಲ್ಲಿ ಬರುತ್ತದೆಯೇ, ಯಾವ ಪ್ಲೇಟ್ ಕೊಡುತ್ತಾರೆ ಎಂದು ವಿಚಾರಿಸಿ.

ಆಪರೇಷನ್ ಆದ ಮೇಲೆ ಗಾಯದ ಕೆಳಗೆ ಎದೆಯ ಮೇಲ್ಭಾಗದಲ್ಲಿ ಅಂಗೈಯಷ್ಟು ಜಾಗ ಜೋಮು ಹಿಡಿದ ಹಾಗಿದ್ದರೆ ಗಾಬರಿ ಬೇಡ. ಚರ್ಮಕ್ಕೆ ಹೋಗುವ ಸಣ್ಣ ನರಗಳು ಆ ಮೂಳೆಯನ್ನು ದಾಟಿಯೇ ಹೋಗುತ್ತವೆ, ಕೊಯ್ಯುವಾಗ ಕೆಲವಕ್ಕೆ ಪೆಟ್ಟಾಗುತ್ತದೆ. ಕೈಯ ಬಲಕ್ಕೆ ಅದರಿಂದ ತೊಂದರೆ ಇಲ್ಲ. ಬೀಡಿ ಸಿಗರೇಟು ಮೂಳೆ ಕೂಡುವುದನ್ನು ನಿಜಕ್ಕೂ ತಡ ಮಾಡುತ್ತದೆ. ಎಲೆಅಡಿಕೆಯ ಜೊತೆಗಿನ ಹೊಗೆಸೊಪ್ಪಿನಲ್ಲೂ ಅದೇ ನಿಕೋಟಿನ್ ಇದೆ. ಮೂಳೆ ಕೂಡುವವರೆಗಾದರೂ ಬಿಡಿ. ನೋವು ಹೋದ ಕೂಡಲೇ ಮೂಳೆ ಕೂಡಿತು ಅಂತಲ್ಲ. ಪ್ಲೇಟ್ ಹಿಡಿದಿರುವುದರಿಂದ ನೋವು ಬೇಗ ಹೋಗುತ್ತದೆ. ಕೂಡಿದೆಯೋ ಇಲ್ಲವೋ ಹೇಳುವುದು ಎಕ್ಸ್‌ರೇ. ಮೂರು ನಾಲ್ಕು ತಿಂಗಳು ಹೊರೆ ಬೇಡ ಎಂದಿದ್ದರೆ, ಡಾಕ್ಟರ್ ಎಕ್ಸ್‌ರೇ ನೋಡಿ ಸರಿ ಎನ್ನುವ ತನಕ ಬೇಡ.

ಪ್ಲೇಟನ್ನು ಸುಮ್ನೆ ತೆಗೆಸುವ ಅಗತ್ಯವೂ ಇಲ್ಲ. ಹುಕ್ ಪ್ಲೇಟ್ ಬಿಟ್ಟು ಉಳಿದವು ತೊಂದರೆ ಕೊಡದಿದ್ದರೆ ಜೀವಮಾನ ಒಳಗಿರಬಹುದು. ಒತ್ತುತ್ತದೆ ಎಂದು ತೆಗೆಸುವುದಾದರೂ ಸಾಮಾನ್ಯವಾಗಿ ಒಂದು, ಒಂದೂವರೆ ವರ್ಷ ಕಾಯಿಸುತ್ತಾರೆ. ತೆಗೆದ ಮೇಲೆ ಆರೆಂಟು ಸ್ಕ್ರೂ ತೂತು ಖಾಲಿ ಉಳಿಯುತ್ತವೆ. ಅವು ತುಂಬಿಕೊಳ್ಳುವವರೆಗೆ ಮೂಳೆ ಮತ್ತೆ ಮುರಿಯುವ ಅಪಾಯ ಇದ್ದೇ ಇರುತ್ತದೆ. ಹಾಗಾಗಿ ತೆಗೆಸಿದ ಮೇಲೂ ಕೆಲವು ವಾರ ಹೊರೆ ಬೇಡ.

ಹೊಸನಗರದವರಿಗೆ ಎರಡನೇ ಸಲ ಗಟ್ಟಿ ಲಾಕಿಂಗ್ ಪ್ಲೇಟನ್ನು ಮುಂಭಾಗದಲ್ಲಿ ಹಾಕಿದರು, ಸೊಂಟದ ಮೂಳೆಯಿಂದ ಚೂರು ಮೂಳೆ ತೆಗೆದು ಸಂದಿಗೆ ತುಂಬಿದರು. ಈ ಸಲ ಅವರ ಹೆಂಡತಿ ಕಳೆ ಮಷೀನನ್ನು ತವರಿಗೆ ಕಳಿಸಿಬಿಟ್ಟರಂತೆ, ಎಕ್ಸ್‌ರೇಯಲ್ಲಿ ಮೂಳೆ ಕೂಡುವ ತನಕ. ಮುಂದಿನ ಮಳೆಗಾಲದಲ್ಲಿ ಅವರು ಅಣ್ಣನ ಮಗನನ್ನು ತೋರಿಸಲು ಬಂದಿದ್ದರು. ಅಂಗಿಯ ಕಾಲರ್ ಪಕ್ಕಕ್ಕೆ ಸರಿಸಿ ಬೆಲ್ಟು ಕೂರುವ ಜಾಗವನ್ನು ಬೆರಳಲ್ಲಿ ಒತ್ತಿ ತೋರಿಸಿದರು. "ಇಲ್ಲಿ ಏನೂ ಸಿಗಲ್ಲ ನೋಡಿ" ಎಂದರು. ನಾನೂ ಒತ್ತಿ ನೋಡಿದೆ. ಬೆರಳಿಗೆ ಸಿಕ್ಕಿದ್ದು ಮೂಳೆ ಮಾತ್ರ.